ಹಾಡಿನ ಕಡತಗಳ ರಕ್ಷಣೆ: ತಂತ್ರಾಂಶದ ನವೀಕರಣಕ್ಕೆ ಮುನ್ನ

ಹಾಡನ್ನು ಕಂಪ್ಯೂಟರಿನಲ್ಲಿ ಮುದ್ರಿಸಿ, ತಿದ್ದಿ, ಹಲವು ಪದರಗಳನ್ನು ಕೂಡಿಸಿ ಒಂದು ರೂಪಕ್ಕೆ ತರುವ ಕೆಲಸ ಇಂದು ಪಟ್ಟಣದ ಸ್ಟುಡಿಯೋಗಳಿಗೆ ಮಾತ್ರ ಸೇರಿದ್ದಲ್ಲ. ಒಂದು ಲ್ಯಾಪ್‌ಟಾಪು, ಒಂದು ಸಾಧಾರಣ ಮೈಕು, ಹಣವಿಲ್ಲದೆ ದೊರೆಯುವ ಒಂದು ತಂತ್ರಾಂಶ ಇಷ್ಟಿದ್ದರೆ ನಮ್ಮ ತೆಂಗಿನ ಸೀಮೆಯ ಯಾವ ಹಳ್ಳಿಯ ಜಗುಲಿಯ ಮೇಲಾದರೂ ಅದು ನಡೆದೀತು. ನಡೆಯುತ್ತಲೂ ಇದೆ. ಭಜನೆ ಮಂಡಲಿಯವರು, ಹರಿಕಥೆಯವರು, ನಾಟಕಕ್ಕೆ ಹಾರ್ಮೋನಿಯಂ ನುಡಿಸುವ ಮೇಷ್ಟ್ರು, ಎಲ್ಲರ ಬಳಿಯೂ ಈಗ ಧ್ವನಿಯ ಕಡತಗಳಿವೆ. ಆದರೆ ಆ ಕಡತಗಳು ಎಲ್ಲಿವೆ, ಹೇಗಿವೆ, ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಅವುಗಳ ಗತಿ ಏನಾಗುತ್ತದೆ ಎಂದು ಯೋಚಿಸಿದವರು ವಿರಳ. ನಾನೂ ಯೋಚಿಸಿದವನಲ್ಲ. ಯೋಚಿಸುವಂತೆ ಮಾಡಿದ ಪ್ರಸಂಗವನ್ನು ಮೊದಲು ಹೇಳಿ ಅನಂತರ ವಿಷಯಕ್ಕೆ ಬರುತ್ತೇನೆ.

ಕನ್ನಡ ಐಚ್ಛಿಕ ವಿಷಯದ ಕ್ಷೇತ್ರಕಾರ್ಯಕ್ಕಾಗಿ ನಾವು ಮೂವರು ವಿದ್ಯಾರ್ಥಿಗಳು ಕಂದಿಕೆರೆಗೆ ಹೋಗಿದ್ದೆವು. ಅಲ್ಲಿ ರಾಗಿ ಬೀಸುವ ಪದ, ಸೋಬಾನೆ ಪದಗಳನ್ನು ಬಲ್ಲ ವೃದ್ಧೆಯೊಬ್ಬರಿದ್ದರು. ಎರಡು ಸಂಜೆ ಕುಳಿತು 14 ಹಾಡುಗಳನ್ನು ಹೇಳಿದರು. ಪಕ್ಕದ ಮನೆಯ ಅಂಗಳದಲ್ಲಿ ಕಾಯಿ ಸುಲಿಯುವ ಸದ್ದು ನಿಲ್ಲುವವರೆಗೆ ಕಾದು, ಎಮ್ಮೆ ಕೂಗಿದಾಗ ನಿಲ್ಲಿಸಿ, ಮತ್ತೆ ಆರಂಭಿಸಿ, ಅಂತೂ ಕೆಲಸ ಮುಗಿಯಿತು. ಎದ್ದು ಹೊರಡುವಾಗ ಅಜ್ಜಿ, "ಸರಿಯಾಗಿ ಹಿಡ್ಕಂತೇನಪ್ಪ ನಿನ್ ಪೆಟ್ಗೆ? ಇನ್ನೊಂದ್ಸಲ ಹಾಡು ಅಂದ್ರೆ ನನ್ ಕೈಲಿ ಆಗಕ್ಕಿಲ್ಲ" ಎಂದರು. ಹಿಡಿದಿದೆ ಅಜ್ಜಿ, ಎಂದು ನಾವು ಧೈರ್ಯವಾಗಿ ಹೇಳಿದೆವು.

ಮುಂದೆ ಆದದ್ದಿಷ್ಟು. ಒಂದು ವಾರದ ಅನಂತರ ನಮ್ಮ ಮಿತ್ರನು ಲ್ಯಾಪ್‌ಟಾಪು ತೆರೆದಾಗ ತಂತ್ರಾಂಶದ ಹೊಸ ಆವೃತ್ತಿ ಸಿದ್ಧವಾಗಿದೆಯೆಂಬ ಸೂಚನೆ ತೆರೆಯ ಮೇಲೆ ಬಂದಿತು. ಒಪ್ಪಿಗೆಯ ಗುಂಡಿ ಒತ್ತಿದ. ಸ್ಥಳ ಸಾಲದು ಎಂದು ಯಂತ್ರ ಹೇಳಿತು. ಹಾಡುಗಳೆಲ್ಲವೂ ನಾವು ಹೆಸರಿಟ್ಟು ಉಳಿಸಿದ್ದ ಯೋಜನೆಯ ಕಡತದೊಳಗೇ ಇವೆಯೆಂದು ನಂಬಿ, ಮೇಜಿನ ಮೇಲಿದ್ದ ದೊಡ್ಡ ಫೋಲ್ಡರೊಂದನ್ನು ಅಳಿಸಿದ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಹೊಸ ಆವೃತ್ತಿ ಸರಾಗವಾಗಿ ಬಂದು ಕುಳಿತಿತು. ಯೋಜನೆಯ ಕಡತವೂ ತೆರೆಯಿತು. ಹಾಡುಗಳ ಹೆಸರುಗಳೆಲ್ಲ ಅದರಲ್ಲಿದ್ದವು, ಪದರಗಳಿದ್ದವು, ನಾವು ಕತ್ತರಿಸಿ ಸೇರಿಸಿದ ಗುರುತುಗಳೂ ಇದ್ದವು. ಧ್ವನಿ ಮಾತ್ರ ಇರಲಿಲ್ಲ. ಪೆನ್ ಡ್ರೈವಿನಲ್ಲಿದೆಯಲ್ಲ ಎಂದು ಅದನ್ನು ಹುಡುಕಿದೆವು. ಅದರಲ್ಲಿದ್ದುದೂ ಅದೇ ಚಿಕ್ಕ ಯೋಜನೆಯ ಕಡತ, ಕೆಲವೇ ಕಿಲೋಬೈಟುಗಳದು. ಕಂದಿಕೆರೆಗೆ ಮತ್ತೆ ಹೋದೆವು. ಅಷ್ಟರಲ್ಲಿ ಅಜ್ಜಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು.

ಇಲ್ಲಿ ತಪ್ಪು ತಂತ್ರಾಂಶದ್ದಲ್ಲ, ನಮ್ಮದು. ಆ ತಪ್ಪಿನ ಮೂಲ ಏನೆಂಬುದನ್ನು ತಿಳಿಯಬೇಕಾದರೆ ಸಂಗೀತ ತಂತ್ರಾಂಶವೊಂದು ತನ್ನ ಸಾಮಗ್ರಿಯನ್ನು ಹೇಗೆ ಇಟ್ಟುಕೊಳ್ಳುತ್ತದೆ ಎಂಬುದನ್ನು ಮೊದಲು ನೋಡಬೇಕು.

ನಮ್ಮ ಸೀಮೆಯ ರೈತನಿಗೆ ಪಹಣಿಯ ಪರಿಚಯ ಹೇಳಬೇಕಾಗಿಲ್ಲ. ಅದರಲ್ಲಿ ಸರ್ವೆ ನಂಬರಿರುತ್ತದೆ, ವಿಸ್ತೀರ್ಣವಿರುತ್ತದೆ, ಹಿಡುವಳಿದಾರನ ಹೆಸರಿರುತ್ತದೆ; ತೋಟ ಇರುವುದಿಲ್ಲ. ಪಹಣಿಯನ್ನು ಹತ್ತು ಪ್ರತಿ ತೆಗೆಸಿ ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ಸುಳಿಕೊಳೆ ತಗುಲಿದ ತೆಂಗು ಉಳಿದೀತೆ? ಹಲವು ಪದರಗಳ ಧ್ವನಿಮುದ್ರಣ ತಂತ್ರಾಂಶಗಳಲ್ಲಿ ಯೋಜನೆಯ ಕಡತವು ಇಂತಹ ಒಂದು ಪಹಣಿ. ಯಾವ ಧ್ವನಿ ಯಾವ ಫೋಲ್ಡರಿನಲ್ಲಿದೆ, ಅದರ ಎಷ್ಟನೆಯ ಸೆಕೆಂಡಿನಿಂದ ಎಷ್ಟನೆಯ ಸೆಕೆಂಡಿನವರೆಗೆ ನುಡಿಸಬೇಕು, ಎಷ್ಟು ಗಟ್ಟಿಯಾಗಿ, ಯಾವ ಪರಿಣಾಮವನ್ನು ಸೇರಿಸಿ ಎಂಬ ವಿವರಗಳನ್ನಷ್ಟೆ ಅದು ಬರೆದಿಡುತ್ತದೆ. ರೀಪರ್ ಎಂಬ ತಂತ್ರಾಂಶದ ಯೋಜನೆಯ ಕಡತವಂತೂ ಸಾದಾ ಅಕ್ಷರಗಳ ಕಡತವೇ ಆಗಿದ್ದು, ಅದನ್ನು ಯಾವುದೇ ಬರಹದ ತಂತ್ರಾಂಶದಲ್ಲಿ ತೆರೆದು ಓದಬಹುದು. ಕುತೂಹಲವುಳ್ಳವರು ಒಮ್ಮೆ ತೆರೆದು ನೋಡಲಿ. ಪಹಣಿಯ ಉಪಮೆ ಅತಿಶಯೋಕ್ತಿಯಲ್ಲವೆಂಬುದು ಮನದಟ್ಟಾಗುತ್ತದೆ.

ಹೀಗಿರುವಲ್ಲಿ, ಕಂಪ್ಯೂಟರಿನಲ್ಲಿ ಇರುವ ವಸ್ತುಗಳನ್ನು ಒಂದು ಪ್ರಶ್ನೆಯಿಂದ ವಿಂಗಡಿಸಬೇಕು: ಕಳೆದರೆ ಮತ್ತೆ ದೊರೆಯುವುದು ಯಾವುದು, ದೊರೆಯದಿರುವುದು ಯಾವುದು? ತಂತ್ರಾಂಶ ಮತ್ತೆ ದೊರೆಯುತ್ತದೆ. ಸಾಮಾನ್ಯವಾಗಿ ಅದರ ಹಳೆಯ ಆವೃತ್ತಿಯೂ ದೊರೆಯುತ್ತದೆ. ಯೋಜನೆಯ ಕಡತ ಕಳೆದರೆ ಶ್ರಮ ವ್ಯರ್ಥವಾಯಿತು. ಆದರೂ ಧ್ವನಿ ಉಳಿದಿದ್ದರೆ ನಾಲ್ಕು ರಾತ್ರಿ ಕುಳಿತು ಮತ್ತೆ ಜೋಡಿಸಬಹುದು. ಮೂಲ ಧ್ವನಿ ಹೋದರೆ ಅದು ಹೋಯಿತು. ನಮ್ಮಲ್ಲಿ ಬಹುಮಂದಿ ಮಾಡುವುದು ಇದಕ್ಕೆ ವಿಪರೀತ. ತಂತ್ರಾಂಶವನ್ನು ಇಳಿಸಿಕೊಂಡ ಕಡತವನ್ನು ಜೋಪಾನವಾಗಿಟ್ಟು, ಧ್ವನಿಯನ್ನು ಸ್ಥಳ ಉಳಿಸುವುದಕ್ಕಾಗಿ ಅಳಿಸುತ್ತಾರೆ.

ಅಳಿಸಿದ್ದನ್ನು ಮರಳಿ ಪಡೆಯಲಾಗದೆ ಎಂದು ಕೇಳಬಹುದು. ನಾವೂ ಕೇಳಿದೆವು. ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಕಡತವನ್ನು ಅಳಿಸಿದಾಗ ಅದರ ಹೆಸರು ಮಾತ್ರ ಪಟ್ಟಿಯಿಂದ ಹೋಗುತ್ತದೆ. ಆ ಜಾಗದ ಮೇಲೆ ಬೇರೊಂದನ್ನು ಬರೆಯುವವರೆಗೆ ಒಳಗಿನ ಸಾಮಗ್ರಿ ಉಳಿದಿರುತ್ತದೆ. ನಮ್ಮ ದುರದೃಷ್ಟವೆಂದರೆ, ಅಳಿಸಿದ ಮರುಗಳಿಗೆಯಲ್ಲೇ ಹೊಸ ಆವೃತ್ತಿಯ ದೊಡ್ಡ ಕಡತಗಳು ಅದೇ ಜಾಗಕ್ಕೆ ಬಂದು ಕುಳಿತವು. ಈಗಿನ ಎಸ್‌ಎಸ್‌ಡಿ ಎಂಬ ಬಗೆಯ ಡಿಸ್ಕುಗಳಲ್ಲಿ ಈ ಆಸೆಯೂ ಕಡಿಮೆ, ಏಕೆಂದರೆ ಅಳಿಸಿದ ಜಾಗವನ್ನು ಅವು ತಾವಾಗಿಯೇ ಬರಿದುಮಾಡಿಕೊಳ್ಳುತ್ತವೆ.

ಇನ್ನು ನವೀಕರಣದ ವಿಚಾರ. ನವೀಕರಣವು ಕೆಟ್ಟದ್ದೆಂದು ಯಾರೂ ಹೇಳಲಾರರು. ದೋಷಗಳು ತಿದ್ದಿ ಹೋಗುತ್ತವೆ, ಭದ್ರತೆ ಹೆಚ್ಚುತ್ತದೆ. ಆದರೆ ಅದು ಅನೇಕ ವೇಳೆ ಒಮ್ಮುಖದ ದಾರಿ. ಹಳೆಯ ಆವೃತ್ತಿಯ ಕಡತವನ್ನು ಹೊಸದು ಓದುತ್ತದೆ. ಹೊಸದರಲ್ಲಿ ಉಳಿಸಿದ್ದನ್ನು ಹಳೆಯದು ಓದಲಾರದು. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಡಾಸಿಟಿಯನ್ನೇ ತೆಗೆದುಕೊಳ್ಳೋಣ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮ್ಯಾಜೋನಿ ಮತ್ತು ರೋಜರ್ ಡ್ಯಾನನ್‌ಬರ್ಗ್ ಎಂಬುವರು ಆರಂಭಿಸಿದ ಈ ತಂತ್ರಾಂಶ 2000ದಲ್ಲಿ ಸಾರ್ವಜನಿಕರ ಕೈಗೆ ಬಂದಿತು. ಬಹುಕಾಲ ಅದರ ಯೋಜನೆಯು ಎರಡು ಭಾಗವಾಗಿರುತ್ತಿತ್ತು: 'ಎಯುಪಿ' ಎಂಬ ಬಾಲವುಳ್ಳ ಒಂದು ಚಿಕ್ಕ ಕಡತ, ಮತ್ತು ಅದೇ ಹೆಸರಿಗೆ 'ಡೇಟಾ' ಎಂದು ಸೇರಿದ ಒಂದು ಫೋಲ್ಡರು. ಧ್ವನಿಯೆಲ್ಲ ನೂರಾರು ತುಣುಕುಗಳಾಗಿ ಆ ಫೋಲ್ಡರಿನಲ್ಲಿರುತ್ತಿತ್ತು. ಚಿಕ್ಕ ಕಡತವನ್ನು ಮಾತ್ರ ಗೆಳೆಯನಿಗೆ ಕಳುಹಿಸಿ, ತೆರೆಯುತ್ತಿಲ್ಲವಲ್ಲ ಎಂದು ಬೆರಗಾದವರಿಗೆ ಲೆಕ್ಕವಿಲ್ಲ. 2021ರ ಮಾರ್ಚ್ ತಿಂಗಳಲ್ಲಿ 3.0 ಆವೃತ್ತಿ ಬಂದಾಗ ಈ ಏರ್ಪಾಡು ಬದಲಾಯಿತು. ಅಂದಿನಿಂದ ಯೋಜನೆ, ಧ್ವನಿ ಎರಡೂ ಸೇರಿ 'ಎಯುಪಿ 3' ಎಂಬ ಒಂದೇ ಕಡತ. ಇದು ಒಳ್ಳೆಯ ಸುಧಾರಣೆಯೇ ಸರಿ. ಆದರೆ 2ನೆಯ ಶ್ರೇಣಿಯ ಆವೃತ್ತಿಗಳು ಈ ಹೊಸ ಕಡತವನ್ನು ತೆರೆಯಲಾರವು. ಮನೆಯ ಕಂಪ್ಯೂಟರಿನಲ್ಲಿ ಹೊಸದು, ಕಾಲೇಜಿನ ಪ್ರಯೋಗಶಾಲೆಯಲ್ಲಿ ಹಳೆಯದು ಇದ್ದವರ ಪಾಡನ್ನು ಊಹಿಸಿಕೊಳ್ಳಿ. ಇಲ್ಲಿಯೇ ಇನ್ನೊಂದು ಸೂಕ್ಷ್ಮವನ್ನೂ ಹೇಳಬೇಕು. ಯೋಜನೆ ತೆರೆದಿರುವಾಗ 'ಎಯುಪಿ 3' ಕಡತದ ಪಕ್ಕದಲ್ಲಿ ಇನ್ನೆರಡು ತಾತ್ಕಾಲಿಕ ಕಡತಗಳು ಹುಟ್ಟಿಕೊಂಡು, ಇತ್ತೀಚಿನ ಬದಲಾವಣೆಗಳು ಅಲ್ಲಿ ಇರುವುದುಂಟು. ಆದ್ದರಿಂದ ತಂತ್ರಾಂಶವನ್ನು ಮುಚ್ಚಿದ ಮೇಲೆಯೇ ಪ್ರತಿ ಮಾಡತಕ್ಕದ್ದು.

ಕಂಪ್ಯೂಟರನ್ನೇ ನಡೆಸುವ ಮೂಲ ತಂತ್ರಾಂಶದ ನವೀಕರಣ ಇದಕ್ಕಿಂತ ದೊಡ್ಡ ಸಂಗತಿ. ಆಪಲ್ ಸಂಸ್ಥೆಯು 2019ರ ಅಕ್ಟೋಬರಿನಲ್ಲಿ ಕ್ಯಾಟಲೀನಾ ಎಂಬ ಆವೃತ್ತಿಯನ್ನು ಹೊರತಂದಾಗ, 32 ಬಿಟ್ಟಿನ ತಂತ್ರಾಂಶಗಳು ಅದರ ಮೇಲೆ ನಡೆಯುವುದೇ ನಿಂತುಹೋಯಿತು. ಪ್ಲಗ್-ಇನ್ ಎಂದು ಕರೆಯುವ ಜೋಡಣೆಯ ಉಪಕರಣಗಳು, ಅಂದರೆ ಪ್ರತಿಧ್ವನಿ ಸೇರಿಸುವುದು, ತಂಬೂರಿಯ ನಾದ ಕೊಡುವುದು ಮೊದಲಾದವು, ಹಳೆಯ ಬಗೆಯವಾಗಿದ್ದರೆ ಅವೂ ಮೂಕವಾದವು. 2018ರ ಅಕ್ಟೋಬರ್ 2ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ಬಿಡುಗಡೆ ಮಾಡಿದ ನವೀಕರಣದಿಂದ ಕೆಲವು ಬಳಕೆದಾರರ ಸ್ವಂತ ಕಡತಗಳೇ ಅಳಿಸಿಹೋಗಿ, ನಾಲ್ಕೇ ದಿನಗಳಲ್ಲಿ ಅದರ ವಿತರಣೆಯನ್ನು ತಡೆಹಿಡಿಯಬೇಕಾಯಿತು. ಜಗತ್ತಿನ ಅತಿ ದೊಡ್ಡ ಸಂಸ್ಥೆಗಳಿಗೇ ಹೀಗಾಗುವುದಾದರೆ ಕಂದಿಕೆರೆಯ ಜಗುಲಿಯ ಮೇಲಿನ ಲ್ಯಾಪ್‌ಟಾಪಿನ ಮಾತೇನು?

ಹಾಗಾದರೆ ಗುಂಡಿ ಒತ್ತುವ ಮೊದಲು ಮಾಡಬೇಕಾದುದೇನು? ಎಲ್ಲಕ್ಕಿಂತ ಮೊದಲು ಯೋಜನೆಯನ್ನೂ ಅದು ಬಳಸುವ ಧ್ವನಿಗಳನ್ನೂ ಒಂದೇ ಫೋಲ್ಡರಿಗೆ ತರಬೇಕು. ಇದಕ್ಕೆ ತಂತ್ರಾಂಶದಲ್ಲೇ ಅನುಕೂಲವಿರುತ್ತದೆ. ಏಬಲ್ಟನ್ ಲೈವ್ ಎಂಬುದರಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿ ಉಳಿಸುವ ಆಜ್ಞೆಯಿದೆ. ಕ್ಯೂಬೇಸಿನಲ್ಲಿ ಯೋಜನೆಯ ಪೂರ್ಣ ಪ್ರತಿಯನ್ನು ಬೇರೊಂದು ಫೋಲ್ಡರಿನಲ್ಲಿ ಮಾಡುವ ಆಜ್ಞೆಯಿದೆ. ರೀಪರಿನಲ್ಲಿ ಬೇರೆ ಹೆಸರಿನಿಂದ ಉಳಿಸುವಾಗ ಧ್ವನಿಗಳನ್ನೂ ಜತೆಗೆ ನಕಲು ಮಾಡುವಂತೆ ಗುರುತು ಹಾಕಬಹುದು. ಫೋನಿನಿಂದ ತಂದ ಧ್ವನಿ ಒಂದು ಕಡೆ, ಪೆನ್ ಡ್ರೈವಿನಿಂದ ಎಳೆದ ತಾಳ ಇನ್ನೊಂದು ಕಡೆ ಚೆದರಿರುವುದೇ ಸಾಮಾನ್ಯವಾದ್ದರಿಂದ ಈ ಕೆಲಸವನ್ನು ಬಿಟ್ಟರೆ ಮುಂದಿನದೆಲ್ಲ ನಿಷ್ಪ್ರಯೋಜಕ.

ಇದರ ಜತೆಗೆ, ಪ್ರತಿಯೊಂದು ಪದರವನ್ನೂ ಬೇರೆಬೇರೆಯಾಗಿ, ಎಲ್ಲವನ್ನೂ ಹಾಡಿನ ಆರಂಭದ ಸೊನ್ನೆಯ ಬಿಂದುವಿನಿಂದಲೇ ತೊಡಗಿಸಿ, 'ವೇವ್' ಬಗೆಯ ಕಡತಗಳಾಗಿ ತೆಗೆದಿಡಬೇಕು. ನನ್ನ ದೃಷ್ಟಿಯಲ್ಲಿ ಇಡೀ ಪಾಠದಲ್ಲಿ ಮುಖ್ಯವಾದ ಮಾತು ಇದೇ. ಯೋಜನೆಯ ಕಡತವನ್ನು ಅದರ ತಂತ್ರಾಂಶ ಮಾತ್ರ ಓದಬಲ್ಲದು. ವೇವ್ ಕಡತವನ್ನು ಎಲ್ಲ ತಂತ್ರಾಂಶಗಳೂ ಓದಬಲ್ಲವು. 1991ರಲ್ಲಿ ಮೈಕ್ರೋಸಾಫ್ಟ್ ಮತ್ತು ಐಬಿಎಂ ಸಂಸ್ಥೆಗಳು ರೂಪಿಸಿದ ಈ ಬಗೆ ಇಷ್ಟು ವರ್ಷವಾದರೂ ಬಳಕೆ ತಪ್ಪಿಲ್ಲ. ನಾಳೆ ನಮ್ಮ ತಂತ್ರಾಂಶವೇ ಇಲ್ಲವಾದರೂ ಈ ಪದರಗಳನ್ನು ಬೇರೊಂದರಲ್ಲಿ ಒಂದರ ಕೆಳಗೊಂದು ಇಟ್ಟರೆ ತಾಳ ತಪ್ಪದೆ ಕೂಡಿಕೊಳ್ಳುತ್ತವೆ.

ಸ್ಥಳ ಎಷ್ಟು ಬೇಕು ಎಂಬ ಭಯ ಕೆಲವರಿಗೆ. ಲೆಕ್ಕ ಸುಲಭ. ಸಾಮಾನ್ಯ ಗುಣಮಟ್ಟದಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಒಂದೊಂದು ಅಳತೆಯನ್ನೂ 2 ಬೈಟುಗಳಲ್ಲಿ ಬರೆಯುತ್ತಾರೆ. ಎಡ ಬಲ ಎರಡು ವಾಹಿನಿಗಳು ಸೇರಿ ಸೆಕೆಂಡಿಗೆ 1,76,400 ಬೈಟು. ನಿಮಿಷಕ್ಕೆ ಸುಮಾರು 10.6 ಮೆಗಾಬೈಟು, ಗಂಟೆಗೆ ಸುಮಾರು 635 ಮೆಗಾಬೈಟು. ಅಂದರೆ 64 ಗಿಗಾಬೈಟಿನ ಒಂದು ಪೆನ್ ಡ್ರೈವಿನಲ್ಲಿ ಹೆಚ್ಚು ಕಡಿಮೆ 100 ಗಂಟೆಗಳ ಹಾಡು ಹಿಡಿಸುತ್ತದೆ. ಒಬ್ಬಳೇ ಅಜ್ಜಿ ಒಂದೇ ಮೈಕಿನ ಮುಂದೆ ಹಾಡಿದ್ದಾದರೆ ಒಂದೇ ವಾಹಿನಿ ಸಾಕು. ಆಗ 200 ಗಂಟೆ. ನಮ್ಮ 14 ಹಾಡುಗಳಿಗೆ ಬೇಕಾಗಿದ್ದುದು ಇದರಲ್ಲಿ ಒಂದು ಮೂಲೆ.

ಸ್ಥಳ ಉಳಿಸಲೆಂದು ಎಂಪಿ 3 ಮಾಡಿ ಇಟ್ಟರಾಗದೆ ಎಂದರೆ, ಕೇಳುವುದಕ್ಕೆ ಆದೀತು, ಮೂಲವಾಗಿ ಇಡುವುದಕ್ಕಾಗದು. ಕಿವಿಗೆ ಕೇಳಿಸಲಾರದೆಂದು ತಾನು ಭಾವಿಸಿದ ಅಂಶಗಳನ್ನು ಆ ಬಗೆಯು ತೆಗೆದುಹಾಕುತ್ತದೆ. ತೆಗೆದದ್ದು ಮರಳಿ ಬಾರದು. ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಾವ್ಯದ ಜತೆಗೆ ಊದುವ ಉದ್ದನೆಯ ಬಿದಿರಿನ ಗಣೆಯನ್ನು ಕೇಳಿದವರಿಗೆ ಗೊತ್ತು, ಅಲ್ಲಿ ಉಸಿರಿನ ಸದ್ದೂ ನಾದವೂ ಒಂದರೊಳಗೊಂದು ಬೆರೆತಿರುತ್ತವೆ. ಯಾವುದು ಬೇಕಾದದ್ದು, ಯಾವುದು ಬೇಡವಾದದ್ದು ಎಂಬ ತೀರ್ಮಾನವನ್ನು ಯಂತ್ರಕ್ಕೆ ಬಿಡುವ ಪದಾರ್ಥ ಅದಲ್ಲ.

ಧ್ವನಿಯಾದ ಮೇಲೆ ಉಳಿದ ಸಾಮಗ್ರಿ. ಯಾವ ಪ್ಲಗ್-ಇನ್‌ಗಳನ್ನು ಬಳಸಿದ್ದೇವೆ, ಅವುಗಳ ಆವೃತ್ತಿ ಯಾವುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ನಾವೇ ಮಾಡಿಕೊಂಡ ಅಳವಡಿಕೆಗಳ ಫೋಲ್ಡರನ್ನು ನಕಲು ಮಾಡಬೇಕು. ಹಣ ಕೊಟ್ಟು ಪಡೆದ ತಂತ್ರಾಂಶವಾದರೆ ಅದರ ಪರವಾನಗಿಯ ಸಂಖ್ಯೆಯನ್ನೂ ಬರೆದುಕೊಳ್ಳಬೇಕು. ಈಗ ನಡೆಯುತ್ತಿರುವ ಆವೃತ್ತಿಯ ಸ್ಥಾಪನೆಯ ಕಡತವನ್ನು ಇಳಿಸಿ ಇಟ್ಟುಕೊಂಡಿದ್ದರೆ, ಹೊಸದು ಒಗ್ಗದಿದ್ದಾಗ ಹಿಂದಕ್ಕೆ ಬರುವ ದಾರಿ ಇರುತ್ತದೆ.

ಪ್ರತಿ ಎಷ್ಟಿರಬೇಕು? ಈ ವಿಷಯ ಬಲ್ಲವರು ಹೇಳುವ ಸೂತ್ರ ಮೂರು, ಎರಡು, ಒಂದು: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ. ಲ್ಯಾಪ್‌ಟಾಪಿನಲ್ಲೊಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲೊಂದು, ತಿಪಟೂರಿನ ಚಿಕ್ಕಪ್ಪನ ಮನೆಯ ಬೀರುವಿನಲ್ಲೊಂದು ಇದ್ದರೆ ಸೂತ್ರ ಪಾಲಿಸಿದಂತಾಯಿತು. ಅಂತರ್ಜಾಲದ ಭಂಡಾರದಲ್ಲಿ ತಾನಾಗಿ ಹೊಂದಿಕೊಳ್ಳುವ ಫೋಲ್ಡರು ಇದೆಯಲ್ಲ ಎಂದು ಕೆಲವರು ನೆಮ್ಮದಿಯಾಗಿರುತ್ತಾರೆ. ಹೊಂದಿಕೊಳ್ಳುವುದೆಂದರೆ, ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಅಳಿಸಿದ್ದನ್ನು ಕೆಲವು ದಿನಗಳ ಕಾಲ ಅವರು ಇಟ್ಟುಕೊಂಡಿರಬಹುದಾದರೂ ಅದನ್ನೇ ನೆಚ್ಚಲಾಗದು.

ಪರರ ಭಂಡಾರವನ್ನೇ ನೆಚ್ಚಿದವರಿಗೆ ಆದ ಗತಿಗೆ ಮೈಸ್ಪೇಸ್ ಎಂಬ ತಾಣ ಸಾಕ್ಷಿ. ಒಂದು ಕಾಲಕ್ಕೆ ಜಗತ್ತಿನ ಯುವ ಗಾಯಕರೆಲ್ಲ ತಮ್ಮ ಹಾಡುಗಳನ್ನು ಅಲ್ಲಿ ಏರಿಸಿದ್ದರು. ತನ್ನ ಸರ್ವರುಗಳನ್ನು ಹೊಸದಕ್ಕೆ ಬದಲಿಸುವಾಗ ಮೂರು ವರ್ಷಕ್ಕೂ ಹಿಂದಿನ ಹಾಡು, ಚಿತ್ರಗಳು ನಷ್ಟವಾದವೆಂದು ಅದು 2019ರಲ್ಲಿ ಒಪ್ಪಿಕೊಂಡಿತು. ಹೋದ ಹಾಡುಗಳು 5 ಕೋಟಿಗೂ ಮೇಲೆಂದು ಅಂದಾಜು. ಯಾರೋ ಸಂಶೋಧಕರು ಬೇರೆ ಕಾರಣಕ್ಕಾಗಿ ನಕಲು ಮಾಡಿಟ್ಟಿದ್ದ ಸುಮಾರು 4,90,000 ಹಾಡುಗಳು ಮಾತ್ರ ಅನಂತರ ಇಂಟರ್ನೆಟ್ ಆರ್ಕೈವ್ ಸೇರಿ ಉಳಿದವು. ಉಳಿದವುಗಳಿಗೆಲ್ಲ ಕಾರಣ ಒಂದು ನಕಲು, ಅದೂ ಆಕಸ್ಮಿಕವಾದದ್ದು!

ದೂರ ಹೋಗುವುದೇಕೆ? ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ. ವಿ. ರಾವ್ ಅವರ ನಿರ್ದೇಶನ. ಸುಬ್ಬಯ್ಯನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಮೊದಲಾದವರ ಅಭಿನಯ. ಚಿತ್ರದ ಹೆಸರು, ದಿನ, ನಟರು, ಕೊಲ್ಲಾಪುರದಲ್ಲಿ ನಡೆದ ಚಿತ್ರೀಕರಣ ಎಲ್ಲವೂ ಪುಸ್ತಕಗಳಲ್ಲಿವೆ. ಚಿತ್ರದ ಪ್ರತಿ ಒಂದೂ ಉಳಿದಿಲ್ಲ. ಮತ್ತೆ ಪಹಣಿಯ ಮಾತೇ ಆಯಿತು.

ಪ್ರತಿ ಮಾಡಿದ ಮೇಲೆ ಅದನ್ನು ಪರೀಕ್ಷಿಸದೆ ಬಿಡುವವರೇ ಹೆಚ್ಚು. ಅಟ್ಟದ ಮೇಲೆ ಕಾಯಿ ಹಾಕಿ ತಿಂಗಳುಗಟ್ಟಲೆ ಬಿಟ್ಟವರು ಕೊಬ್ಬರಿ ಕಟ್ಟಿತೆ ಇಲ್ಲವೆ ಎಂಬುದನ್ನು ಅಲುಗಿಸಿ ನೋಡಿ ತಿಳಿಯುತ್ತಾರೆ; ಒಳಗೆ ಗಡಗಡ ಎನ್ನಬೇಕು. ಪ್ರತಿಯನ್ನೂ ಹಾಗೆಯೇ ಅಲುಗಿಸಿ ನೋಡಬೇಕು. ಹೇಗೆಂದರೆ, ಹಾರ್ಡ್ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ, ಯೋಜನೆಯನ್ನು ಅಲ್ಲಿ ತೆರೆದು, ಮೊದಲ ಹಾಡು, ನಡುವಿನ ಒಂದು ಹಾಡು, ಕೊನೆಯ ಹಾಡು ಇವನ್ನು ಕಿವಿಯಿಂದ ಕೇಳಬೇಕು. ತನ್ನದೇ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಮೋಸಹೋಗುವ ಸಂಭವವುಂಟು, ಏಕೆಂದರೆ ಯೋಜನೆಯು ಅದರಲ್ಲೇ ಇರುವ ಮೂಲ ಧ್ವನಿಯನ್ನು ಸದ್ದಿಲ್ಲದೆ ಹುಡುಕಿಕೊಂಡು ನುಡಿಸುತ್ತದೆ. ನಮ್ಮ ಪೆನ್ ಡ್ರೈವನ್ನು ನಾವು ಪರೀಕ್ಷಿಸಿದ್ದೆವು; ಅದೇ ಲ್ಯಾಪ್‌ಟಾಪಿನಲ್ಲಿ. ಹಾಡು ಚೆನ್ನಾಗಿಯೇ ಕೇಳಿಸಿತ್ತು.

ನವೀಕರಣದ ದಿನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತಾನಾಗಿ ನಡೆಯುವ ನವೀಕರಣವನ್ನು ತಂತ್ರಾಂಶದ ಅಳವಡಿಕೆಯಲ್ಲಿ ನಿಲ್ಲಿಸಿ, ನಮಗೆ ಬಿಡುವಾದಾಗ ಮಾಡಿಕೊಳ್ಳುವುದು ಲೇಸು. ಕೆಲಸ ನಡುವೆ ಇರುವಾಗ, ಕಾಲೇಜಿನ ವಾರ್ಷಿಕೋತ್ಸವದ ಹಿಂದಿನ ರಾತ್ರಿ, ಮಾಡಲೇಕೂಡದು. ಬ್ಯಾಟರಿ ತುಂಬಿರಬೇಕು, ನಮ್ಮ ಕಡೆ ಕರೆಂಟು ಯಾರನ್ನೂ ಕೇಳಿ ಹೋಗುವುದಿಲ್ಲ. ಹೊಸ ಆವೃತ್ತಿ ಬಂದ ಮೇಲೆ ಹಳೆಯ ಯೋಜನೆಯನ್ನು ನೇರವಾಗಿ ತೆರೆಯದೆ ಅದರ ಒಂದು ನಕಲನ್ನು ತೆರೆದು, ಬೇರೆ ಹೆಸರಿನಿಂದ ಉಳಿಸಬೇಕು. ಎಲ್ಲವೂ ಸರಿಯಾಗಿದೆಯೆಂದು ಒಂದೆರಡು ವಾರ ಕಂಡ ಮೇಲೆ ಮಾತ್ರ ಹಳೆಯದರ ಯೋಚನೆ. ಅಳಿಸಲೇಬೇಕೆಂಬ ನಿರ್ಬಂಧವೇನೂ ಇಲ್ಲ.

ಈ ವರ್ಷದಿಂದ ನಮ್ಮ ಗುಂಪು ಇನ್ನೊಂದು ಪದ್ಧತಿಯನ್ನು ಇಟ್ಟುಕೊಂಡಿದೆ. ಮುದ್ರಣ ಮುಗಿದ ದಿನವೇ, ತಿದ್ದುವುದಕ್ಕೂ ಮೊದಲು, ಮೂಲ ಧ್ವನಿಯ ಒಂದು ಪ್ರತಿಯನ್ನು ಹಾಡಿದವರ ಮನೆಯಲ್ಲೇ ಕೊಟ್ಟುಬರುತ್ತೇವೆ. ಪೆನ್ ಡ್ರೈವನ್ನು ಒಂದು ಲಕೋಟೆಯಲ್ಲಿಟ್ಟು, ಮೇಲೆ ಊರು, ದಿನಾಂಕ, ಹಾಡುಗಳ ಮೊದಲ ಮಾತು ಇವನ್ನು ಮಸಿಯಿಂದ ಬರೆಯುತ್ತೇವೆ. ಹಾಡು ಅವರದು, ಪ್ರತಿಯೂ ಅವರಲ್ಲಿರುವುದು ನ್ಯಾಯ. ಬೇರೆ ಸ್ಥಳದ ಮೂರನೆಯ ಪ್ರತಿಯೂ ಅದರಿಂದಲೇ ಆದಂತಾಯಿತು.

ಕಂದಿಕೆರೆಯ ಅಜ್ಜಿಯ 14 ಹಾಡುಗಳಲ್ಲಿ ಮೂರು ನಮ್ಮ ಜತೆಗಾರನ ಫೋನಿನಲ್ಲಿ ಸಿಕ್ಕವು. ಅವನು ತಾಯಿಗೆ ಕೇಳಿಸಲೆಂದು ಹಾಗೆಯೇ ಹಿಡಿದುಕೊಂಡಿದ್ದವು. ಕಾಯಿ ಸುಲಿಯುವ ಸದ್ದು ಅವುಗಳಲ್ಲಿ ಗಟ್ಟಿಯಾಗಿಯೇ ಇದೆ. ಅವನ್ನು ಅಜ್ಜಿಯ ಮೊಮ್ಮಗಳಿಗೆ ಕೊಟ್ಟುಬಂದೆವು. ಉಳಿದ 11 ಹಾಡುಗಳ ಮೊದಲ ಸಾಲುಗಳು ಮಾತ್ರ ನಮ್ಮ ನೋಟುಪುಸ್ತಕದಲ್ಲಿವೆ. ಅವನ್ನು ಬಲ್ಲವರು ಕಂದಿಕೆರೆ, ಹುಳಿಯಾರು, ಶೆಟ್ಟಿಕೆರೆ, ಹಂದನಕೆರೆ ಹೋಬಳಿಗಳಲ್ಲಿ ಇನ್ನಾರಾದರೂ ಇದ್ದರೆ ಕಾಲೇಜಿನ ಕನ್ನಡ ವಿಭಾಗಕ್ಕೆ ತಿಳಿಸಬೇಕೆಂದು ಓದುಗರನ್ನು ಕೋರುತ್ತೇನೆ.